‘ಯಾವೂರಿನವರು?’: ಮೂವರು ಆಡಳಿತಗಾರರು, ಒಂದು ಗಡಿ

ನಾನು ಹೊಸೂರು ಕಡೆಯವಳು. ಬೆಂಗಳೂರಲ್ಲಿ ‘ಯಾವೂರು?’ ಅಂತ ಕೇಳಿದವರಿಗೆ ಹೊಸೂರು ಅಂದರೆ ಸಾಕು, ‘ಹಾಗಾದ್ರೆ ತಮಿಳರಾ?’ ಅನ್ನುವ ಎರಡನೇ ಪ್ರಶ್ನೆ ಬರುತ್ತದೆ. ನಮ್ಮ ಮನೆಮಾತು ಕನ್ನಡ. ಇವತ್ತು ಅದೇ ಪ್ರಶ್ನೆಯನ್ನು ಹೆಸರಾಂತ ಮೂವರು ಆಡಳಿತಗಾರರ ವಿಷಯದಲ್ಲಿ ಕೇಳಿ ನೋಡುತ್ತೇನೆ.

ಮೊದಲು ನಮ್ಮೂರ ಪಕ್ಕದವರು. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದ ಏಕೈಕ ಭಾರತೀಯ ಸಿ. ರಾಜಗೋಪಾಲಾಚಾರಿ ಹುಟ್ಟಿದ್ದು 1878ರಲ್ಲಿ, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ತಂದೆ ಆ ಊರಿನ ಮುನ್ಸೀಫರು. ಹೊಸೂರಿನ ಶಾಲೆ ಮುಗಿಸಿದ ಹುಡುಗ ಬಿ.ಎ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಸಾರ್ವಜನಿಕ ಜೀವನ ಶುರುವಾದದ್ದು ಸೇಲಂ ನಗರಸಭೆಯಲ್ಲಿ. ಅವರ ಮನೆಮಾತು ತಮಿಳು. ಅವರನ್ನು ಕನ್ನಡಿಗರು ಅಂತ ಎಳೆದುಕೊಳ್ಳುವ ಆಸೆ ನನಗಿಲ್ಲ. ನಾನು ಗಮನಿಸಿದ್ದು ಅವರು ಹಿಡಿದ ದಾರಿ. ಹೊಸೂರು ಮದ್ರಾಸ್ ಪ್ರಾಂತ್ಯದ್ದು, ಬೆಂಗಳೂರು ಮೈಸೂರು ಸಂಸ್ಥಾನದ್ದು. ಆದರೂ ಸೆಂಟ್ರಲ್ ಕಾಲೇಜು ಆಗ ಮದ್ರಾಸ್ ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಮೈಸೂರು ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ. ಅಂದರೆ ಆಳ್ವಿಕೆಯ ಗಡಿ ಒಂದು ಕಡೆ, ಓದಿನ ಗಡಿ ಇನ್ನೊಂದು ಕಡೆ ಇದ್ದವು.

ಎರಡನೆಯವರು ಕೆ. ಶೇಷಾದ್ರಿ ಅಯ್ಯರ್. ಮೂಲ ಪಾಲಕ್ಕಾಡು. 1883ರಿಂದ 1901ರವರೆಗೆ ಮೈಸೂರಿನ ದಿವಾನರು. ಶಿವನಸಮುದ್ರದ ವಿದ್ಯುತ್ ಯೋಜನೆ ಅವರ ಕಾಲದಲ್ಲೇ ಕೈಗೆತ್ತಿಕೊಂಡದ್ದು. ಮದ್ರಾಸಿನಿಂದ ಬಂದವರಿಗೇ ದೊಡ್ಡ ಹುದ್ದೆಗಳು ಹೋಗುತ್ತಿವೆ ಅನ್ನುವ ಅಸಮಾಧಾನ ಆಗ ಸಂಸ್ಥಾನದಲ್ಲಿತ್ತು. ‘ಮೈಸೂರು ಮೈಸೂರಿನವರಿಗೆ’ ಅನ್ನುವ ಕೂಗಿನ ಬೇರು ಅದೇ. ಈಗ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಓಡಾಡುವ ಯಾರೂ ಅವರು ಹೊರಗಿನವರು ಅಂತ ನೆನೆಸುವುದಿಲ್ಲ.

ಮೂರನೆಯವರು ಎಂ. ವಿಶ್ವೇಶ್ವರಯ್ಯ. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಆದರೆ ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಊರು, ಪೂರ್ವಿಕರದ್ದು. ಓದಿದ್ದು ಬೆಂಗಳೂರು, ಪುಣೆಗಳಲ್ಲಿ. ಮೊದಲು ದುಡಿದದ್ದು ಮುಂಬಯಿ ಪ್ರಾಂತ್ಯದಲ್ಲಿ. ಮೈಸೂರಿನ ದಿವಾನರಾದದ್ದು 1912ರಲ್ಲಿ.

ಹಾಗಾದರೆ ‘ಯಾವೂರಿನವರು?’ ಅನ್ನುವುದು ಒಂದೇ ಪ್ರಶ್ನೆಯಲ್ಲ. ಅದರಲ್ಲಿ ಹುಟ್ಟೂರು, ಪೂರ್ವಿಕರ ಊರು, ಓದಿದ ಊರು, ದುಡಿದ ಊರು ಎಲ್ಲ ಸೇರಿಕೊಂಡಿವೆ. ದೊಡ್ಡವರಾದ ಮೇಲೆ ನಮಗೆ ಬೇಕಾದ ಒಂದನ್ನು ಆರಿಸಿಕೊಳ್ಳುತ್ತೇವೆ: ಶೇಷಾದ್ರಿ ಅಯ್ಯರ್ ಅವರಿಗೆ ದುಡಿದ ಊರು, ವಿಶ್ವೇಶ್ವರಯ್ಯನವರಿಗೆ ಹುಟ್ಟೂರು. ಗಡಿಯ ಸಾಮಾನ್ಯ ಜನಕ್ಕೆ ಆ ಆಯ್ಕೆ ಇಲ್ಲ. 1956ರ ಗೆರೆಯೇ ಉತ್ತರ ಹೇಳಿಬಿಡುತ್ತದೆ.

ರಾಜಾಜಿ ಓದಲು ಹಿಡಿದ ದಾರಿಯನ್ನೇ ನಾನೂ ಹಿಡಿದೆ, ಸುಮಾರು 40 ಕಿಲೋಮೀಟರ್. ಪ್ರವೇಶದ ಹೊತ್ತಿಗೆ ನಾನು ಗಡಿನಾಡ ಕನ್ನಡಿಗಳು ಅಂತ ತೋರಿಸುವ ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದೆ. ಆ ಸಾಲಿನಲ್ಲಿ ನಿಂತಾಗಲೇ ಈ ಪ್ರಬಂಧದ ಪ್ರಶ್ನೆ ಹುಟ್ಟಿತು. ಜೀವನಚರಿತ್ರೆಗಳನ್ನು ಓದುವಾಗ ‘ಎಲ್ಲಿಯವರು’ ಅಂತ ಬರೆದಿರುವ ಕಡೆ ಒಂದು ಗಳಿಗೆ ನಿಲ್ಲೋಣ. ಯಾವ ಊರನ್ನು ಹೇಳಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಅಂತ ನೋಡೋಣ. ಬಿಟ್ಟುಹೋದದ್ದು ಎಷ್ಟೋ ಸಲ ನಮ್ಮಂಥ ಗಡಿಯ ಊರೇ ಆಗಿರುತ್ತದೆ.

ನಿಮ್ಮ ಪ್ರಶ್ನೆಗಳಿಗೆ ಕಾಯುತ್ತೇನೆ.