ಬಿತ್ತನೆ ಶುಂಠಿಯ ಆಯ್ಕೆ, ಶೇಖರಣೆ ಮತ್ತು ವಿಭಜನೆ

ಶುಂಠಿ ಬೆಳೆಗೆ ಬೀಜದ ಗೆಡ್ಡೆಯೇ ಮೂಲಾಧಾರವು. ಎಕರೆಯೊಂದಕ್ಕೆ ಸುಮಾರು 600ರಿಂದ 720 ಕಿಲೋಗ್ರಾಂ ಗೆಡ್ಡೆ ಬೇಕಾಗುವುದರಿಂದ, ಅದು ಕೆಟ್ಟುಹೋದಲ್ಲಿ ಸಾಗುವಳಿಗಾರನಿಗೆ ಹಣವೂ ಹಂಗಾಮೂ ಕೂಡಿಯೇ ನಷ್ಟವಾಗುವುವು. ಅನೇಕರು ಶೇಖರಣೆಯಲ್ಲಿ ಮಾತ್ರ ಎಚ್ಚರಿಕೆ ವಹಿಸುವರು. ಆದರೆ ರೋಗವುಳ್ಳ ಗೆಡ್ಡೆಯನ್ನು ಎಷ್ಟು ಜೋಪಾನವಾಗಿ ಇಟ್ಟರೂ ಅದು ಗುಣವಾಗಲಾರದು. ಆದಕಾರಣ ಬೀಜದ ರಕ್ಷಣೆಯು ಪೈರು ನಿಂತಿರುವಾಗಲೇ ಆರಂಭವಾಗತಕ್ಕದ್ದು.

ಆಯ್ಕೆ.— ಮಳೆಗಾಲದಲ್ಲಿ ಪೈರು ಹಸುರಾಗಿರುವಾಗ ಆರೋಗ್ಯವಾದ ಮಡಿಗಳನ್ನು ನೋಡಿ ಗೂಟ ನೆಟ್ಟು ಗುರುತಿಡಬೇಕು. ಕೊಳೆರೋಗ ತಗುಲಿದ ಗಿಡದ ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗುವುವು. ಬುಡವು ಮೆತ್ತಗಾಗಿ, ಎಳೆದೊಡನೆ ಕಾಂಡವು ಕಿತ್ತುಬರುವುದು. ದುಂಡಾಣು ಸೊರಗು ರೋಗದಲ್ಲಿ ಎಲೆಗಳು ಸುರುಟಿ ಬಾಡುವುವು. ಕಾಂಡದ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದರೆ ಹಾಲಿನಂಥ ಎಳೆಯು ಇಳಿಯುವುದು. ಇಂಥ ಗಿಡಗಳಿದ್ದ ಮಡಿಯಿಂದ ಬೀಜವನ್ನು ತೆಗೆಯಲೇಕೂಡದು.

ಉಪಚಾರ.— ಎಲೆಗಳು ಪೂರ್ಣವಾಗಿ ಒಣಗಿದ ಮೇಲೆ, ಗಾಯವಾಗದಂತೆ ಗೆಡ್ಡೆಗಳನ್ನು ಅಗೆದು, ಮಣ್ಣು ಬಿಡಿಸಬೇಕು. ಲೀಟರು ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ದ್ರಾವಣದಲ್ಲಿ 30 ನಿಮಿಷ ಮುಳುಗಿಸಿ, ನೆರಳಿನಲ್ಲಿ ಮೂರು ನಾಲ್ಕು ಗಂಟೆ ಆರಿಸತಕ್ಕದ್ದು. ಈ ಔಷಧವು ಶಿಲೀಂಧ್ರವನ್ನು ತಡೆಯುವುದೇ ಹೊರತು ಸೊರಗು ರೋಗದ ದುಂಡಾಣುವನ್ನು ಕೊಲ್ಲದು. ಉಪಚರಿಸಿದ ಗೆಡ್ಡೆಯನ್ನು ಅಡಿಗೆಗೆ ಬಳಸಕೂಡದು.

ಶೇಖರಣೆ.— ನೀರು ನಿಲ್ಲದ, ನೆರಳಿರುವ ಸ್ಥಳದಲ್ಲಿ ಅನುಕೂಲವಾದ ಅಳತೆಯ ಗುಂಡಿ ತೋಡಿ, ಗೋಡೆಗಳಿಗೆ ಸಗಣಿ ಬಳಿದು ಒಣಗಿಸಬೇಕು. ಗೆಡ್ಡೆಗಳ ಒಂದು ಪದರ, ಅದರ ಮೇಲೆ 2 ಸೆಂಟಿಮೀಟರು ದಪ್ಪಕ್ಕೆ ಒಣ ಮರಳು ಇಲ್ಲವೆ ಗರಗಸದ ಹೊಟ್ಟು, ಹೀಗೆ ತುಂಬುತ್ತ ಹೋಗಿ, ಮೇಲ್ಭಾಗದಲ್ಲಿ ಗಾಳಿಯಾಡಲು ಸ್ಥಳ ಬಿಡಬೇಕು. ಒಂದೆರಡು ರಂಧ್ರಗಳುಳ್ಳ ಹಲಗೆಯನ್ನು ಮುಚ್ಚಬೇಕು. ಗೆಡ್ಡೆಯೂ ಉಸಿರಾಡುವ ಜೀವವಸ್ತುವಾದುದರಿಂದ ಗಾಳಿ ಇಲ್ಲದಿದ್ದರೆ ಕಾವೇರಿ ಕೊಳೆಯುವುದು. ಗಾಳಿ ಬಿಸಿಲು ಅತಿಯಾದರೆ ಸುಕ್ಕುವುದು. ಸುಮಾರು 20 ದಿನಗಳಿಗೊಮ್ಮೆ ಹಲಗೆ ತೆಗೆದು, ಕೊಳೆತುದನ್ನೂ ಸುಕ್ಕಿದುದನ್ನೂ ಆರಿಸಿ ದೂರ ಹಾಕತಕ್ಕದ್ದು.

ವಿಭಜನೆ.— ಗೆಡ್ಡೆಗಳನ್ನು ಶೇಖರಣೆಗೆ ಮುಂಚೆ ತುಂಡು ಮಾಡಬಾರದು. ಕೊಯ್ದ ಗಾಯದಿಂದ ತೇವವು ಹೋಗಿ ರೋಗವು ಒಳಹೊಗುವುದು. ಏಪ್ರಿಲ್ ಮೇ ತಿಂಗಳ ಮಳೆ ಬಿದ್ದು ನಾಟಿಯ ಕಾಲ ಬಂದಾಗ, 20ರಿಂದ 25 ಗ್ರಾಂ ತೂಕದ, 2.5ರಿಂದ 5 ಸೆಂಟಿಮೀಟರು ಉದ್ದದ ತುಂಡುಗಳಾಗಿ ವಿಭಜಿಸಬೇಕು. ಪ್ರತಿಯೊಂದರಲ್ಲಿಯೂ ಒಂದೆರಡು ಆರೋಗ್ಯವಾದ ಕಣ್ಣುಗಳಿರಬೇಕು. ಕಣ್ಣಿಲ್ಲದ ತುಂಡು ಎಷ್ಟು ದಪ್ಪವಿದ್ದರೂ ನಿರುಪಯುಕ್ತವು. ಒಳಗೆ ಬಣ್ಣಗೆಟ್ಟ ಗೆಡ್ಡೆ ಕಂಡರೆ ಅದನ್ನು ಬಿಸುಟು, ಕತ್ತಿಯನ್ನು ಶುದ್ಧಿಮಾಡಿದ ಮೇಲೆಯೇ ಮುಂದಿನದನ್ನು ಕೊಯ್ಯತಕ್ಕದ್ದು.

ರೋಗದ ಗೆಡ್ಡೆಯು ಒಬ್ಬನ ಹೊಲದಲ್ಲಿಯೇ ನಿಲ್ಲುವುದಿಲ್ಲ. ಹರಿಯುವ ನೀರಿನೊಡನೆಯೂ ಮಾರಿದ ಬೀಜದೊಡನೆಯೂ ನೆರೆಯವರ ಭೂಮಿಗೆ ಹೋಗುವುದು. ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ರೋಗ ಬಿದ್ದ ಮಡಿಯ ಶುಂಠಿಯು ಬೀಜವೆಂದು ಮಾರಾಟವಾಗದಂತೆ ನೋಡಿಕೊಂಡು, ಬೀಜ ಕೊಳ್ಳುವವರು ಮಳೆಗಾಲದಲ್ಲಿಯೇ ಪೈರನ್ನು ಕಣ್ಣಾರೆ ನೋಡಿ ಗೊತ್ತುಮಾಡಿಕೊಳ್ಳುವ ಪದ್ಧತಿಯನ್ನು ರೂಢಿಗೆ ತಂದರೆ ಇಡೀ ಗ್ರಾಮಕ್ಕೆ ಉಪಕಾರವಾಗುವುದು.