ಕೊಡಗಹಳ್ಳಿಯ ಗದ್ದೆಯಿಂದ ಶಾಂತಸಾಗರದ ತೋಟಕ್ಕೆ

ನಂಜನಗೂಡು ದಾಟಿ ಬಂದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳಲ್ಲ, ಆ ತಿ. ನರಸೀಪುರ ತಾಲ್ಲೂಕಿನಲ್ಲೇ, ಕುರಿಗೆ ಹೆಸರಾದ ಬನ್ನೂರಿನ ಸೀಮೆಯಲ್ಲಿ ಕೊಡಗಹಳ್ಳಿ ಇದೆ. ಸಮಾಜಶಾಸ್ತ್ರ ಓದಿದವರು ಯಾವ ದೇಶದಲ್ಲಿದ್ದರೂ ಈ ಊರನ್ನು ಬಲ್ಲರು! ಅವರಿಗೆ ಗೊತ್ತಿರುವ ಹೆಸರು ಮಾತ್ರ ರಾಮಪುರ, ಬರಹದಲ್ಲಿ ಊರಿಗೆ ಕೊಟ್ಟ ಮರೆಹೆಸರು. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಇಲ್ಲಿ ತಿಂಗಳುಗಟ್ಟಲೆ ಉಳಿದು, ಗದ್ದೆ ಯಾರದು, ಹೊಲ ಯಾರದು, ಯಾವ ಅಣ್ಣತಮ್ಮಂದಿರು ಬೇರೆಯಾದರು ಎಂದು ಬರೆದುಕೊಂಡರು. ಒಂದೇ ಒಟ್ಟುಕುಟುಂಬದ ವ್ಯಾಜ್ಯದ ಮೇಲೆ 1952ರಲ್ಲಿ ಇಡೀ ಪ್ರಬಂಧ ಪ್ರಕಟಿಸಿದರು. ಮುಂದೆ 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೊಠಡಿಗೆ ಬೆಂಕಿ ಬಿದ್ದು, ವರ್ಷಗಟ್ಟಲೆ ಒಪ್ಪ ಮಾಡಿದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಮೇಲೆ ನೆನಪನ್ನೇ ನೆಚ್ಚಿ ಬರೆದದ್ದು 1976ರ ‘ದಿ ರಿಮೆಂಬರ್ಡ್ ವಿಲೇಜ್’. ಎಂಥ ನೆನಪು!

ಪಾಲಾಗುವಾಗ ಗದ್ದೆಯಲ್ಲೂ ಹೊಲದಲ್ಲೂ ತೋಟದಲ್ಲೂ ಎಲ್ಲರಿಗೂ ಒಂದೊಂದು ತುಂಡು ಬರಬೇಕೆನ್ನುವುದು ಈ ಕಡೆಯ ನ್ಯಾಯ. ತಲೆಮಾರಿಗೊಮ್ಮೆ ಬದು ಹೆಚ್ಚುವುದು ಅದಕ್ಕೇ. ಇದೇ ಗಂಟು ಸಮುದ್ರದಾಚೆಯೂ ಇದೆ ಎಂದು ತಿಳಿದಾಗ ನಾನು ಬೆರಗಾದೆ.

ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ಪಾರಾಗಿ ಇಂಗ್ಲೆಂಡ್ ಸೇರಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಲ್ಲಿ ಮಂಡ್ಯದ ಮಗ್ಗುಲಿನ ಎರಡು ಹಳ್ಳಿಗಳಿಗೆ ಬಂದರು. ಒಂದಕ್ಕೆ ನಾಲೆಯ ನೀರು ಹರಿದಿತ್ತು, ಎತ್ತರದಲ್ಲಿದ್ದ ಇನ್ನೊಂದಕ್ಕೆ ಏರಲಿಲ್ಲ. ಅಲ್ಲಿಂದ ಅವರು ಹೋದದ್ದೆಲ್ಲಿಗೆ? ಶಾಂತಸಾಗರದ ನ್ಯೂ ಬ್ರಿಟನ್ ದ್ವೀಪಕ್ಕೆ, ತೊಲಾಯ್ ಜನರ ನಡುವೆ!

ಅಲ್ಲಿ ಭೂಮಿ ತಾಯಿಯ ಕುಲಕ್ಕೆ ಸೇರಿದ್ದು. ಸೋದರಮಾವನಿಂದ ಅಳಿಯನಿಗೆ ಇಳಿಯುತ್ತದೆ. ನಮ್ಮ ತುಳುನಾಡಿನ ಅಳಿಯಸಂತಾನವೇ ಕಣ್ಣೆದುರು ಬಂದಂತೆ! ವರ್ಷದ ಬೆಳೆ ಬೆಳೆಯುವಾಗ ತೊಡಕಿರಲಿಲ್ಲ. ಕೋಕೋ ಬಂತು. ಗಿಡ ನೆಟ್ಟರೆ ದಶಕಗಟ್ಟಲೆ ಫಲ. ಅಪ್ಪನ ಜೊತೆ ಬೆವರು ಸುರಿಸಿ ನೆಟ್ಟವನು ಮಗ, ಅಪ್ಪ ಕಣ್ಮುಚ್ಚಿದ ಮೇಲೆ ನೆಲ ಮಾತ್ರ ಅಪ್ಪನ ಅಕ್ಕತಂಗಿಯರ ಮಕ್ಕಳದು. ಮರ ಒಬ್ಬರದು, ಮಣ್ಣು ಇನ್ನೊಬ್ಬರದು! ಮಕ್ಕಳ ಸಲುವಾಗಿ ಬೇರೆ ಜಮೀನು ಕೊಳ್ಳಬೇಕೆಂದು ಅಪ್ಪಂದಿರು ಹವಣಿಸತೊಡಗಿದರು. ಆ ಕಥೆಯೆಲ್ಲ ಎಪ್‌ಸ್ಟೈನರ 1968ರ ಪುಸ್ತಕದಲ್ಲಿದೆ.

ನನ್ನನ್ನು ಇನ್ನೂ ಹಿಡಿದು ನಿಲ್ಲಿಸಿದ್ದು, 1970ರಲ್ಲಿ ಮಂಡ್ಯಕ್ಕೆ ಮರಳಿದಾಗ ಅವರು ಕಂಡದ್ದು. ದುಡ್ಡು ಬಂದರೆ ಒಟ್ಟುಕುಟುಂಬ ಒಡೆಯುತ್ತದೆ ಎನ್ನುವುದು ಎಲ್ಲರ ಲೆಕ್ಕ. ಇಲ್ಲಿ ಅನುಕೂಲಸ್ಥ ಅಣ್ಣತಮ್ಮಂದಿರು ಮನೆ ಬೇರೆ ಮಾಡಿಕೊಂಡು, ಒಲೆ ಬೇರೆ ಹೂಡಿಕೊಂಡು, ಆದಾಯವನ್ನೂ ಖರ್ಚನ್ನೂ ಮಾತ್ರ ಒಟ್ಟಿಗೇ ಇಟ್ಟುಕೊಂಡಿದ್ದರು! ಹೀಗೂ ಬಾಳಬಹುದಲ್ಲ! ಅದಕ್ಕವರು ‘ಶೇರ್ ಫ್ಯಾಮಿಲಿ’ ಎಂದರು.

ಕೊಡಗಹಳ್ಳಿಯಲ್ಲೂ, ಕಬಿನಿ ನಾಲೆಯ ಕೆಳಗಿರುವ ನಂಜನಗೂಡಿನ ಹಳ್ಳಿಗಳಲ್ಲೂ ಯಾರಾದರೂ ಈಗ ಮನೆಮನೆಗೆ ಹೋಗಿ ಕೇಳಿ ಬರೆದಿಡಬೇಕು: ಪಹಣಿಯಲ್ಲಿ ಯಾರ ಹೆಸರಿದೆ, ಉಳುವವರು ಯಾರು, ಭತ್ತ ಮಾರಿದ ದುಡ್ಡು ಎಷ್ಟು ಒಲೆಗಳಿಗೆ ಹೋಗುತ್ತದೆ.