ಹಾಡುಗಾರನ ಕಿವಿ, ನಗೆಗಾರನ ನಾಲಿಗೆ

ಯೂಟ್ಯೂಬ್ ಹಾಸ್ಯಗಾರ ಭುವನ್ ಬಾಮ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೇಳುವುದು ಒಂದೇ ಕಥೆ. ದೆಹಲಿಯ ರೆಸ್ಟೋರೆಂಟುಗಳಲ್ಲಿ ಹಾಡುತ್ತಿದ್ದ ಹುಡುಗನನ್ನು ಸಂಗೀತ ಕೈಹಿಡಿಯಲಿಲ್ಲ, ಮೊಬೈಲಿನಲ್ಲಿ ಮಾಡಿದ ತಮಾಷೆ ಎತ್ತಿ ನಿಲ್ಲಿಸಿತು ಎಂಬುದು ಅದರ ತಿರುಳು. ಇದನ್ನು ಒಪ್ಪುವುದು ನನಗೆ ಕಷ್ಟ. ಅವರು ಹಾಡು ಬಿಟ್ಟು ಹಾಸ್ಯಕ್ಕೆ ಬಂದವರಲ್ಲ, ಹಾಡುಗಾರಿಕೆಯಲ್ಲಿ ಕಲಿತದ್ದನ್ನೇ ಹಾಸ್ಯಕ್ಕೆ ದುಡಿಸಿಕೊಂಡವರು ಎಂಬುದು ಅವರ ಹಾಸ್ಯ ವಿಡಿಯೊಗಳನ್ನು ಕಣ್ಣಿಗಿಂತ ಕಿವಿಯಿಂದ ಗಮನಿಸಿದಾಗ ಸ್ಪಷ್ಟವಾಗುತ್ತದೆ.

1994ರಲ್ಲಿ ವಡೋದರದಲ್ಲಿ ಹುಟ್ಟಿ ದೆಹಲಿಯಲ್ಲಿ ಬೆಳೆದ ಭುವನ್, ಶಹೀದ್ ಭಗತ್ ಸಿಂಗ್ ಕಾಲೇಜಿನಲ್ಲಿ ಇತಿಹಾಸ ಓದಿದವರು. ಅವರ ಹಾಡು ಪಳಗಿದ್ದು ಮಾತ್ರ ರೆಸ್ಟೋರೆಂಟುಗಳಲ್ಲಿ. ರೆಸ್ಟೋರೆಂಟಿನಲ್ಲಿ ಹಾಡುವವನ ಪಾಡು ಸಭೆಯಲ್ಲಿ ಹಾಡುವವನದ್ದಲ್ಲ. ಅಲ್ಲಿ ಕೂತವರು ಬಂದಿರುವುದು ಊಟಕ್ಕೆ, ಮಾತಿಗೆ. ಅವರ ಕಿವಿಯನ್ನು ಹಾಡುಗಾರ ಮೊದಲ ಸಾಲಿನಲ್ಲೇ ಗೆದ್ದುಕೊಳ್ಳಬೇಕು, ಎಲ್ಲಿ ದನಿ ಏರಿಸಬೇಕು, ಎಲ್ಲಿ ತಗ್ಗಿಸಿ ತಡೆಯಬೇಕು ಎಂಬುದನ್ನು ಅಲ್ಲಲ್ಲೇ ಅಳೆಯಬೇಕು. ಮೊಬೈಲ್ ತೆರೆಯ ಮೇಲೆ ಬೆರಳಾಡಿಸುತ್ತ ಮುಂದೆ ಸಾಗುವ ನೋಡುಗನೂ ಇಂಥ ಗಿರಾಕಿಯೇ. 2014ರ ಕಾಶ್ಮೀರ ಪ್ರವಾಹದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ವರದಿಗಾರನೊಬ್ಬ ಕರುಣೆಯಿಲ್ಲದ ಪ್ರಶ್ನೆ ಕೇಳಿದ್ದನ್ನು ಅಣಕಿಸಿ ಭುವನ್ ಒಂದು ವಿಡಿಯೊ ಮಾಡಿ ಇಂಥ ನೋಡುಗರ ಮುಂದೆ ಬಂದರು. ಮರುವರ್ಷ, 2015ರ ಜೂನ್‌ನಲ್ಲಿ, 'ಬಿಬಿ ಕಿ ವೈನ್ಸ್' ಎಂಬ ಯೂಟ್ಯೂಬ್ ಚಾನೆಲ್ ಶುರುವಾಯಿತು.

ಆ ಚಾನೆಲ್‌ನ ಮೊದಲ ವರ್ಷಗಳ ವಿಡಿಯೊಗಳಲ್ಲಿ ರಂಗಸಜ್ಜಿಕೆ ಎನ್ನುವಂಥದ್ದು ಏನೂ ಇಲ್ಲ. ಮೊಬೈಲಿನ ಮುಂಭಾಗದ ಕ್ಯಾಮೆರಾ, ಮನೆಯ ಒಂದು ಕೋಣೆ, ಒಬ್ಬನೇ ಮನುಷ್ಯ. ಅಮ್ಮ ಜಾನಕಿ, ಅಪ್ಪ ಬಬ್ಲೂ, ಟೀಟು ಮಾಮ, ಗೆಳೆಯ ಸಮೀರ್ ಎಲ್ಲರೂ ಅವನೇ. ವೇಷ ಬದಲಾಯಿಸುವುದು ಹೆಸರಿಗೆ ಮಾತ್ರ. ಹಾಗಿದ್ದೂ ಯಾರ ಮಾತು ಯಾರದ್ದು ಎಂದು ನೋಡುಗ ಒಮ್ಮೆಯೂ ತಬ್ಬಿಬ್ಬಾಗುವುದಿಲ್ಲ. ಏಕೆಂದರೆ ಪ್ರತಿ ಪಾತ್ರಕ್ಕೂ ಅದರದೇ ಶ್ರುತಿಯಿದೆ, ಅದರದೇ ನಡೆಯಿದೆ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ನುಗ್ಗುವ ಮನೆಜಗಳವನ್ನು ತುಂಡು ತುಂಡಾಗಿ ಚಿತ್ರಿಸಿ ಜೋಡಿಸುವಾಗ ಲಯ ಚೂರು ತಪ್ಪಿದರೂ ನಗು ಸತ್ತುಹೋಗುತ್ತದೆ. ನಮ್ಮ ಹರಿಕಥೆದಾಸರು ಒಬ್ಬರೇ ನಿಂತು ರಾವಣನೂ ಆಗಿ ಸೀತೆಯೂ ಆಗಿ, ನಡುವೆ ಹಾಡಿಯೂ ಮುಂದೆ ಸಾಗುವುದನ್ನು ಕಂಡವರಿಗೆ ಈ ವಿದ್ಯೆಯ ಬೆಲೆ ತಿಳಿದಿದೆ. ಕಥೆಯನ್ನು ಹೊರುವುದು ದನಿ, ವೇಷವಲ್ಲ.

ಭುವನ್ ಅವರ ಯಶಸ್ಸೆಲ್ಲ ಕಾಲ ಕೂಡಿಬಂದದ್ದರ ಫಲ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಮೊಬೈಲ್ ಸೇವೆ ಬಂದ ಮೇಲೆ ಡೇಟಾ ಅಗ್ಗವಾಯಿತು, ಹಿಂದಿ ನಾಡಿನ ಸಣ್ಣ ಊರುಗಳೂ ವಿಡಿಯೊ ನೋಡತೊಡಗಿದವು. ಆದರೆ ಆ ಅಗ್ಗದ ಡೇಟಾ ಎಲ್ಲರಿಗೂ ಸಿಕ್ಕಿತ್ತು. ಅದೇ ಹೊತ್ತಿನಲ್ಲಿ ಸಾವಿರಾರು ಹುಡುಗರು ಕ್ಯಾಮೆರಾದ ಮುಂದೆ ಕೂತಿದ್ದರು. 2018ರಲ್ಲಿ ಒಂದು ಕೋಟಿ ಚಂದಾದಾರರನ್ನು ಪಡೆದ ಭಾರತದ ಮೊದಲ ಒಂಟಿ ಯೂಟ್ಯೂಬರ್ ಭುವನ್ ಆದದ್ದನ್ನು ಕಾಲವೊಂದೇ ವಿವರಿಸಲಾರದು.

ಬೈಗುಳದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆ ವಿಡಿಯೊಗಳಲ್ಲಿ ಬೈಗುಳ ಧಾರಾಳವಾಗಿದೆ, ಶಾಲೆಯ ಮಕ್ಕಳೂ ಅವನ್ನು ನೋಡಿದ್ದಾರೆ. ಪೋಷಕರ ಕಳವಳ ನ್ಯಾಯವಾದದ್ದೇ. ಕೆಲವು ಕಡೆ ಬೈಗುಳ ಹಾಸ್ಯದ ಜಾಗವನ್ನೇ ಆಕ್ರಮಿಸಿಬಿಟ್ಟಿದೆ ಎಂದೂ ನನಗನಿಸಿದೆ. ಆದರೆ ಯಶಸ್ಸಿನ ಗುಟ್ಟು ಅದೇ ಆಗಿದ್ದರೆ ಬೈಗುಳವನ್ನೇ ನೆಚ್ಚದ ಕೆಲಸ ನೆಲಕಚ್ಚಬೇಕಿತ್ತು. ಯೋಧ ಹರಭಜನ್ ಸಿಂಗ್ ಅವರ ಕಥೆಯಿಂದ ಹುಟ್ಟಿದ 2018ರ ಕಿರುಚಿತ್ರ 'ಪ್ಲಸ್ ಮೈನಸ್'ನಲ್ಲಿ ಭುವನ್ ನಟಿ ದಿವ್ಯಾ ದತ್ತಾ ಎದುರು ತಣ್ಣನೆಯ ದನಿಯಲ್ಲಿ ನಟಿಸಿದರು. ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಹಾಗಾದರೆ ಹಾಡು ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ. 2016ರಲ್ಲಿ 'ತೇರಿ ಮೇರಿ ಕಹಾನಿ', 2018ರಲ್ಲಿ 'ಸಂಗ್ ಹೂಂ ತೇರೆ' ಬಂದವು, ಆಮೇಲೆಯೂ ಹಾಡುಗಳು ಬಂದವು. ಜನ ಆಲಿಸಿದ್ದು ಹಾಡಿನ ಗುಣಕ್ಕಲ್ಲ, ಹಾಸ್ಯಗಾರನ ಹೆಸರಿಗೆ ಎಂಬ ತಕರಾರಿದೆ. ಇರಬಹುದು. ಆದರೆ ಹಿಂದಿಯಲ್ಲಿ ಸಿನಿಮಾದ ಹೊರಗೆ ಹಾಡುವವನಿಗೆ ಕೇಳುಗರನ್ನು ತಲುಪುವ ದಾರಿ ಬಹಳ ಕಿರಿದು. ಯಾವ ಕಂಪನಿಯ ಬಾಗಿಲಲ್ಲೂ ಕಾಯದೆ ಸ್ವಂತ ಹಾಡನ್ನು ಸ್ವಂತ ಚಾನೆಲ್‌ನಲ್ಲಿ ಕೇಳಿಸುವ ಸ್ವಾತಂತ್ರ್ಯವನ್ನು ಅವರಿಗೆ ಸಂಪಾದಿಸಿಕೊಟ್ಟದ್ದು ಹಾಸ್ಯವೇ.

2021ರ 'ಢಿಂಡೋರಾ' ಸರಣಿಯಲ್ಲೂ ತಮ್ಮ ಹಳೆಯ ಪಾತ್ರಗಳನ್ನೆಲ್ಲ ತಾವೇ ನಿಭಾಯಿಸಿದ ಭುವನ್, 2023ರ 'ತಾಜಾ ಖಬರ್'ನಲ್ಲಿ ಆ ಆಸರೆ ಬಿಟ್ಟರು. ಅಲ್ಲಿ ಅವರದ್ದು ಒಂದೇ ಪಾತ್ರ, ಮುಂಬೈಯ ಸಾರ್ವಜನಿಕ ಶೌಚಾಲಯದಲ್ಲಿ ದುಡಿಯುವ ವಸಂತ ಗಾವ್ಡೆ. ದೆಹಲಿಯ ಹಿಂದಿಯಲ್ಲಿ ಹೆಸರು ಮಾಡಿದವರು ಮುಂಬೈ ಬೀದಿಯ ಹಿಂದಿ ಆಡಬೇಕಾಯಿತು. ಆ ಎರಡು ಹಿಂದಿಗಳ ನಡುವಿನ ಅಂತರ ಪದಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಎಳೆತದಲ್ಲಿ, ಸಾಲಿನ ಕೊನೆಯನ್ನು ಇಳಿಸುವ ರೀತಿಯಲ್ಲಿದೆ. ಅದನ್ನು ಹಿಡಿಯುವುದು ಮೊದಲು ಕಿವಿಯ ಕೆಲಸ, ನಟನೆ ಆಮೇಲಿನದು.